ಕಾರಿನ ಸರ್ವಿಸ್: ದುಂದೂ ಬೇಡ, ಜಿಪುಣತನವೂ ಬೇಡ

ದುಂದುವೆಚ್ಚ ಎಂದಾಗ ನಮ್ಮ ಕಣ್ಣಿಗೆ ಮೊದಲು ಬರುವುದು ಮದುವೆ ಹಾಲ್, ಉಳಿದು ಬಿಸಾಡುವ ಅನ್ನ, ಬೇಡದ ಬಟ್ಟೆಬರೆ. ಜುಮಾ ಖುತ್ಬಾಗಳಲ್ಲಿ ನಾವು ಹೆಚ್ಚಾಗಿ ಹೇಳುವುದೂ ಇದನ್ನೇ. ಆದರೆ ನಮ್ಮ ಮನೆಗಳಲ್ಲಿ ಸದ್ದಿಲ್ಲದೆ ಹಣ ಸೋರಿಹೋಗುವ ಇನ್ನೊಂದು ಜಾಗವಿದೆ. ಅದು ಅಂಗಳದಲ್ಲಿ ನಿಂತಿರುವ ಕಾರು. ವರ್ಷಕ್ಕೊಮ್ಮೆ ಸರ್ವಿಸ್‌ಗೆ ಬಿಟ್ಟು ಬರುತ್ತೇವೆ. ಸಂಜೆ ಫೋನ್ ಬರುತ್ತದೆ. ಆರು ಸಾವಿರ ಆಗಬಹುದು ಎಂದುಕೊಂಡದ್ದು ಹದಿನಾಲ್ಕು ಸಾವಿರವಾಗಿರುತ್ತದೆ. ಯಾವುದು ಬೇಕಿತ್ತು, ಯಾವುದು ಬೇಡವಾಗಿತ್ತು ಎಂದು ತಿಳಿಯದೆ ದುಡ್ಡು ಕೊಟ್ಟು ಬರುತ್ತೇವೆ.

ಇದಕ್ಕೆ ತದ್ವಿರುದ್ಧವಾದ ಮನೆಗಳೂ ಇವೆ. ಒಂದು ಸಲ ದೊಡ್ಡ ಬಿಲ್ ನೋಡಿ ಬೇಸತ್ತವರು ಮುಂದೆ ಸರ್ವಿಸ್ ಕಡೆ ತಲೆಯನ್ನೇ ಹಾಕುವುದಿಲ್ಲ. 'ಓಡುತ್ತಿದೆಯಲ್ಲ, ಓಡಲಿ' ಎಂಬುದು ಅವರ ಲೆಕ್ಕ. ಬ್ರೇಕ್ ಸವೆದಿರುತ್ತದೆ, ಟೈರ್ ಬೋಳಾಗಿರುತ್ತದೆ. ಅದೇ ಕಾರಿನಲ್ಲಿ ತಾಯಿ, ಹೆಂಡತಿ, ಮಕ್ಕಳನ್ನು ಕೂರಿಸಿಕೊಂಡು ಚಾರ್ಮಾಡಿಯನ್ನೋ ಶಿರಾಡಿಯನ್ನೋ ಇಳಿಯುತ್ತಾರೆ. ಬೇಡದ್ದಕ್ಕೆ ಖರ್ಚು ಮಾಡುವುದು ಹಣದ ನಷ್ಟ. ಬೇಕಾದದ್ದಕ್ಕೆ ಕೈ ಹಿಡಿಯುವುದು ಜೀವದ ಮೇಲಿನ ಆಟ. ಎರಡರ ನಡುವಿನ ದಾರಿ ಯಾವುದು ಎಂಬುದೇ ಈ ಲೇಖನದ ವಿಷಯ.

ನಾವು ಮೆಕ್ಯಾನಿಕ್ ಅಲ್ಲ. ಆದರೆ ಕೇಳುವವರು ಹೆಚ್ಚಾದ್ದರಿಂದ ಕೆಲವು ಕಾರುಗಳ ಕೈಪಿಡಿಗಳನ್ನು ಕುಳಿತು ಓದಿದೆವು. ನಮ್ಮ ಜಮಾಅತ್‌ನಲ್ಲಿ ಗ್ಯಾರೇಜ್ ನಡೆಸುವ ಸಹೋದರರ ಬಳಿ ತಿಳಿಯದ್ದನ್ನು ಕೇಳಿದೆವು. ಓದುತ್ತಾ ಹೋದಂತೆ ಒಂದು ಮಾತು ಸ್ಪಷ್ಟವಾಯಿತು. ಇದರಲ್ಲಿ ಗುಟ್ಟೇನೂ ಇಲ್ಲ. ಓದಲು ಬರುವ ಯಾರೇ ಆದರೂ ಅರ್ಧ ಗಂಟೆಯಲ್ಲಿ ತಮ್ಮ ಕಾರಿಗೆ ಏನು ಬೇಕು ಎಂದು ತಿಳಿಯಬಹುದು.

ಡ್ಯಾಶ್‌ಬೋರ್ಡಿನಲ್ಲಿರುವ ಪುಸ್ತಕ

ಕಾರು ಕೊಂಡಾಗ ಒಂದು ದಪ್ಪ ಪುಸ್ತಕ ಕೊಡುತ್ತಾರೆ. ಹೆಚ್ಚಿನ ಮನೆಗಳಲ್ಲಿ ಅದರ ಪ್ಲಾಸ್ಟಿಕ್ ಕವರ್ ಕೂಡ ತೆರೆದಿರುವುದಿಲ್ಲ. ಹಳೆಯ ಕಾರು ಕೊಂಡವರಿಗೆ ಪುಸ್ತಕ ಸಿಗದಿದ್ದರೆ ಚಿಂತೆಯಿಲ್ಲ, ಬಹುತೇಕ ಕಂಪನಿಗಳ ವೆಬ್‌ಸೈಟಿನಲ್ಲಿ ಅದು ಉಚಿತವಾಗಿ ಸಿಗುತ್ತದೆ. ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಿ.

ಅದರ ಕೊನೆಯ ಭಾಗದಲ್ಲಿ 'ಮೇಂಟೆನೆನ್ಸ್ ಶೆಡ್ಯೂಲ್' ಎಂಬ ಪಟ್ಟಿ ಇರುತ್ತದೆ. ಎಡಗಡೆ ಕಾರಿನ ಭಾಗಗಳ ಹೆಸರು, ಮೇಲ್ಗಡೆ ಕಿಲೋಮೀಟರ್ ಮತ್ತು ತಿಂಗಳು. ಒಳಗಿನ ಚೌಕಗಳಲ್ಲಿ ಒಂದೊಂದು ಅಕ್ಷರ. ಅನೇಕ ಕಂಪನಿಗಳ ಪಟ್ಟಿಯಲ್ಲಿ 'ಆರ್' ಎಂದಿದ್ದರೆ ಬದಲಾಯಿಸಿ ಎಂದರ್ಥ. 'ಐ' ಎಂದಿದ್ದರೆ ಪರಿಶೀಲಿಸಿ, ಅಗತ್ಯ ಕಂಡರೆ ಮಾತ್ರ ಬದಲಾಯಿಸಿ ಎಂದರ್ಥ.

ಈ ಎರಡು ಅಕ್ಷರಗಳ ನಡುವೆಯೇ ನಮ್ಮ ಹಣ ಹೋಗುವುದು. ಪಟ್ಟಿಯಲ್ಲಿ 'ಐ' ಇರುವ ಕಡೆ ಬಿಲ್ಲಿನಲ್ಲಿ 'ಆರ್' ಆಗಿರುತ್ತದೆ. ನೋಡಿ ಬಿಡಬೇಕಾದದ್ದನ್ನು ಬದಲಾಯಿಸಿರುತ್ತಾರೆ. ಇನ್ನು ಕೆಲವು ಕೆಲಸಗಳಿಗೆ ಪಟ್ಟಿಯಲ್ಲಿ ಜಾಗವೇ ಇರುವುದಿಲ್ಲ, ಬಿಲ್ಲಿನಲ್ಲಿ ಮಾತ್ರ ಇರುತ್ತದೆ.

ಪಟ್ಟಿ ಓದುವಾಗ ಎರಡು ವಿಷಯ ಗಮನಿಸಿ. ಮೊದಲನೆಯದು, '10,000 ಕಿ.ಮೀ. ಅಥವಾ 12 ತಿಂಗಳು, ಯಾವುದು ಮೊದಲೋ ಅದು' ಎಂಬಂಥ ಮಾತು. ಕಾರು ವರ್ಷಕ್ಕೆ ಮೂರು ಸಾವಿರ ಕಿಲೋಮೀಟರ್ ಮಾತ್ರ ಓಡಿದರೂ ಆಯಿಲ್ ಅವಧಿ ಮುಗಿಯುತ್ತದೆ. ಎರಡನೆಯದು, ಹಲವು ಕೈಪಿಡಿಗಳಲ್ಲಿ ಕಠಿಣ ಬಳಕೆಗೆ ಪ್ರತ್ಯೇಕ ಪಟ್ಟಿ ಇರುತ್ತದೆ. ಧೂಳಿನ ರಸ್ತೆ, ದಿನವೂ ಘಟ್ಟ ಹತ್ತುವುದು, ಎರಡು ಮೂರು ಕಿಲೋಮೀಟರಿನ ಸಣ್ಣ ಓಡಾಟವೇ ಹೆಚ್ಚು, ಬಾಡಿಗೆ ಓಡಿಸುವುದು ಇವೆಲ್ಲ ಕಠಿಣ ಬಳಕೆ. ನಿಮ್ಮ ಬಳಕೆ ಹಾಗಿದ್ದರೆ ಮೆಕ್ಯಾನಿಕ್ ಬೇಗ ಬದಲಾಯಿಸಲು ಹೇಳುವುದು ಮೋಸವಲ್ಲ, ಸರಿಯಾದ ಸಲಹೆಯೇ.

ಕೈ ಹಿಡಿಯಬಾರದ ಕಡೆ

ಕೆಲವು ಖರ್ಚುಗಳಲ್ಲಿ ಉಳಿತಾಯದ ಯೋಚನೆಯನ್ನೇ ಮಾಡಬಾರದು.

ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್: ಎಂಜಿನ್ನಿನ ಆಯುಷ್ಯ ಇದರ ಮೇಲೆ ನಿಂತಿದೆ. ಕೈಪಿಡಿಯಲ್ಲಿ 0ಡಬ್ಲ್ಯು-20, 5ಡಬ್ಲ್ಯು-30 ಎಂಬಂತೆ ಗ್ರೇಡ್ ಬರೆದಿರುತ್ತದೆ. ಅದೇ ಗ್ರೇಡ್ ಹಾಕಿಸಿ. ಅದಕ್ಕಿಂತ ದುಬಾರಿಯಾದದ್ದು ಬೇಕಿಲ್ಲ, ಅಗ್ಗದ ಬೇರೆಯದೂ ಬೇಡ. ಆಯಿಲ್ ಕಪ್ಪಾಗಿದೆ ಎಂಬ ಒಂದೇ ಕಾರಣಕ್ಕೆ ಬದಲಾಯಿಸಬೇಕಿಲ್ಲ. ಡೀಸೆಲ್ ಕಾರಿನಲ್ಲಿ ಹೊಸ ಆಯಿಲ್ ಕೆಲವೇ ದಿನಗಳಲ್ಲಿ ಕಪ್ಪಾಗುತ್ತದೆ, ಅದು ಸಹಜ. ಬಿಎಸ್-6 ಡೀಸೆಲ್ ಕಾರುಗಳ ಹೊಗೆ ಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುವುದರಿಂದ ಅವಕ್ಕೆಂದೇ ಹೇಳಿದ ಆಯಿಲ್ ಬೇಕು.

ಬ್ರೇಕ್ ಆಯಿಲ್: ಇದನ್ನು ಬಹಳ ಮಂದಿ ಮರೆಯುತ್ತಾರೆ. ಈ ದ್ರವಕ್ಕೆ ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುವ ಗುಣವಿದೆ. ನೀರು ಸೇರಿದಷ್ಟೂ ಅದು ಕಡಿಮೆ ಬಿಸಿಗೇ ಕುದಿಯುತ್ತದೆ. ಘಟ್ಟ ಇಳಿಯುವಾಗ ಮತ್ತೆ ಮತ್ತೆ ಬ್ರೇಕ್ ಒತ್ತಿದರೆ ಬಿಸಿ ಏರುತ್ತದೆ. ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹೆಚ್ಚಿನ ಕಾರುಗಳಲ್ಲಿ ಸುಮಾರು ಎರಡು ವರ್ಷಕ್ಕೊಮ್ಮೆ ಇದನ್ನು ಬದಲಾಯಿಸಲು ಹೇಳಿರುತ್ತಾರೆ. ಖರ್ಚು ದೊಡ್ಡದಲ್ಲ. ಇದರ ಜೊತೆಗೆ ಘಟ್ಟದಲ್ಲಿ ಕೆಳಗಿನ ಗೇರಿನಲ್ಲಿ ಇಳಿಯುವ ಅಭ್ಯಾಸವಿದ್ದರೆ ಬ್ರೇಕಿನ ಮೇಲಿನ ಹೊರೆಯೂ ಕಡಿಮೆಯಾಗುತ್ತದೆ.

ಬ್ರೇಕ್ ಪ್ಯಾಡ್: ಇದಕ್ಕೆ ಕಿಲೋಮೀಟರಿನ ಲೆಕ್ಕವಿಲ್ಲ, ದಪ್ಪದ ಲೆಕ್ಕ. ಹೊಸ ಪ್ಯಾಡ್ ಸುಮಾರು 10 ಮಿಲಿಮೀಟರ್ ದಪ್ಪವಿರುತ್ತದೆ. 3 ಮಿಲಿಮೀಟರಿಗೆ ಬಂದರೆ ಬದಲಾಯಿಸುವ ಸಮಯ. ಎಷ್ಟು ಉಳಿದಿದೆ ಎಂದು ಕೇಳಿ, ತೋರಿಸಲು ಹೇಳಿ. ಬ್ರೇಕ್ ಒತ್ತಿದಾಗ ಕಬ್ಬಿಣ ಉಜ್ಜಿದ ಸದ್ದು ಬಂದರೆ ಸರ್ವಿಸ್ ದಿನಾಂಕಕ್ಕೆ ಕಾಯಬೇಡಿ.

ಟೈರ್: ಟೈರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬುಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದರೆ ಟೈರಿನ ಕಾಲ ಮುಗಿದಿದೆ. ಮಳೆಗಾಲದಲ್ಲಿ ಅಂಥ ಟೈರಿಗೆ ನೀರನ್ನು ಹೊರಗೆ ತಳ್ಳುವ ಶಕ್ತಿ ಇರುವುದಿಲ್ಲ. ವಯಸ್ಸನ್ನೂ ನೋಡಬೇಕು. ಟೈರಿನ ಬದಿಯಲ್ಲಿ ನಾಲ್ಕು ಅಂಕೆ ಇರುತ್ತದೆ. '2319' ಎಂದಿದ್ದರೆ 2019ನೇ ಇಸವಿಯ 23ನೇ ವಾರ ತಯಾರಾದದ್ದು ಎಂದರ್ಥ. ಐದು ವರ್ಷ ದಾಟಿದ ಟೈರನ್ನು ಪ್ರತಿವರ್ಷ ಬಲ್ಲವರಿಂದ ಪರೀಕ್ಷೆ ಮಾಡಿಸಿ. ಬಿರುಕು, ಉಬ್ಬು ಕಂಡರೆ ಗೀರು ಎಷ್ಟೇ ಉಳಿದಿದ್ದರೂ ಬದಲಾಯಿಸಿ. ಸ್ಟೆಪ್ನಿಯನ್ನು ಮರೆಯಬೇಡಿ, ಅದಕ್ಕೂ ವಯಸ್ಸಾಗುತ್ತದೆ.

ಕೂಲೆಂಟ್: ಎಂಜಿನ್ ತಣ್ಣಗಿರುವಾಗ ಡಬ್ಬಿಯ ಎರಡು ಗೆರೆಗಳ ನಡುವೆ ಇರಬೇಕು. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ. ನಲ್ಲಿ ನೀರು ತುಂಬಿಸಿ ದಿನ ದೂಡಿದರೆ ಒಳಗೆ ತುಕ್ಕು ಹಿಡಿಯುತ್ತದೆ. ಬಿಸಿ ಎಂಜಿನ್ನಿನ ಮುಚ್ಚಳವನ್ನು ಎಂದೂ ತೆರೆಯಬಾರದು.

ಟೈಮಿಂಗ್ ಬೆಲ್ಟ್: ಕೆಲವು ಕಾರುಗಳಲ್ಲಿ ಬೆಲ್ಟ್, ಇನ್ನು ಕೆಲವದರಲ್ಲಿ ಚೈನ್ ಇರುತ್ತದೆ. ಚೈನ್ ಇದ್ದರೆ ಸಾಮಾನ್ಯವಾಗಿ ಅವಧಿಗೊಮ್ಮೆ ಬದಲಾಯಿಸುವ ಕೆಲಸವಿಲ್ಲ. ಬೆಲ್ಟ್ ಇದ್ದರೆ ಕೈಪಿಡಿ ಹೇಳಿದ ಅವಧಿಗೆ ಬದಲಾಯಿಸಲೇಬೇಕು. ಓಡುವಾಗ ತುಂಡಾದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್ನಿಗೆ ಬಡಿದು ಎಂಜಿನ್ನೇ ಬಿಚ್ಚಬೇಕಾಗುತ್ತದೆ. ಹಳೆಯ ಕಾರು ಕೊಳ್ಳುವವರು ಈ ಪ್ರಶ್ನೆಯನ್ನು ಮೊದಲು ಕೇಳಬೇಕು.

'ಬೇಡ' ಎನ್ನಬಹುದಾದ ಕಡೆ

ಇನ್ನು ಬಿಲ್ಲನ್ನು ಉಬ್ಬಿಸುವ ಕೆಲಸಗಳ ಕಡೆ ಬರೋಣ. ಇವೆಲ್ಲ ಯಾವಾಗಲೂ ವ್ಯರ್ಥ ಎಂದು ನಾವು ಹೇಳುವುದಿಲ್ಲ. ತೊಂದರೆ ಇದ್ದಾಗ ಇವು ಮದ್ದು. ತೊಂದರೆ ಇಲ್ಲದಾಗ ಮದ್ದು ಕುಡಿಯುವುದು ಯಾಕೆ?

ಎಂಜಿನ್ ಫ್ಲಶ್, ಡಿಕಾರ್ಬನೈಸಿಂಗ್, ಇಂಜೆಕ್ಟರ್ ಕ್ಲೀನಿಂಗ್: ಸಮಯಕ್ಕೆ ಸರಿಯಾಗಿ ಆಯಿಲ್ ಬದಲಾಯಿಸಿದ, ಎಳೆತ ಕಡಿಮೆಯಾಗದ, ಮೈಲೇಜ್ ಇಳಿಯದ ಕಾರಿಗೆ ಪ್ರತಿ ಸರ್ವಿಸಿನಲ್ಲೂ ಇವು ಬೇಕಿಲ್ಲ. ನಿಮ್ಮ ಪಟ್ಟಿಯಲ್ಲಿ ಇವೆಯೇ ಎಂದು ನೋಡಿ.

ಎಸಿ ಗ್ಯಾಸ್: ಇದು ಪೆಟ್ರೋಲಿನಂತೆ ಉರಿದು ಖಾಲಿಯಾಗುವ ವಸ್ತುವಲ್ಲ. ಮುಚ್ಚಿದ ಕೊಳವೆಯೊಳಗೆ ಸುತ್ತುತ್ತಿರುತ್ತದೆ. ತಂಪು ಚೆನ್ನಾಗಿದ್ದರೆ ವರ್ಷ ವರ್ಷ ತುಂಬಿಸಬೇಕಿಲ್ಲ. ತಂಪು ಇಲ್ಲದಿದ್ದರೆ ಸೋರಿಕೆ ಹುಡುಕಿಸಿ, ಬರೀ ಗ್ಯಾಸ್ ತುಂಬಿದರೆ ಅದು ಮತ್ತೆ ಹೋಗುತ್ತದೆ.

ಎಸಿ ಫಿಲ್ಟರ್: ಅನೇಕ ಕಾರುಗಳಲ್ಲಿ ಇದು ಎಡಗಡೆಯ ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ. ಕೈಪಿಡಿಯಲ್ಲಿ ಚಿತ್ರ ಸಹಿತ ವಿವರಣೆ ಇರುತ್ತದೆ. ಮನೆಯಲ್ಲೇ ತೆಗೆದು ಧೂಳು ಕೊಡವಬಹುದು, ತೀರಾ ಕೊಳೆಯಾಗಿದ್ದರೆ ಅಂಗಡಿಯಿಂದ ಹೊಸದು ತಂದು ಹಾಕಬಹುದು.

ಅಲೈನ್‌ಮೆಂಟ್: ಸ್ಟೇರಿಂಗ್ ಒಂದು ಬದಿಗೆ ಎಳೆದರೆ, ಟೈರ್ ಒಂದೇ ಅಂಚಿನಲ್ಲಿ ಸವೆದರೆ, ದೊಡ್ಡ ಹೊಂಡಕ್ಕೆ ಬಿದ್ದರೆ, ಹೊಸ ಟೈರ್ ಹಾಕಿಸಿದರೆ ಖಂಡಿತ ಮಾಡಿಸಿ. ಇದಾವುದೂ ಇಲ್ಲದಿದ್ದರೆ ಪರೀಕ್ಷೆ ಸಾಕು.

ನೈಟ್ರೋಜನ್ ಗಾಳಿ: ನಾವು ಉಸಿರಾಡುವ ಗಾಳಿಯಲ್ಲೇ 78 ಶೇಕಡಾ ನೈಟ್ರೋಜನ್ ಇದೆ. ಮನೆ ಬಳಕೆಯ ಕಾರಿಗೆ ಸಾಮಾನ್ಯ ಗಾಳಿ ಧಾರಾಳ ಸಾಕು. ಆದರೆ ತಿಂಗಳಿಗೊಮ್ಮೆ, ಟೈರ್ ತಣ್ಣಗಿರುವಾಗ ನೋಡಿಸಬೇಕು. ಎಷ್ಟು ಗಾಳಿ ಎಂಬುದು ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರಿನಲ್ಲಿ ಬರೆದಿರುತ್ತದೆ.

ಬಣ್ಣದ ಮೇಲಿನ ಕೋಟಿಂಗ್, ಒಳಗಿನ ಸುಗಂಧ, ಪಾಲಿಶ್: ಇವು ಚಂದದ ಖರ್ಚು. ಆಸೆ ಇದ್ದವರು ಮಾಡಿಸಲಿ, ಆದರೆ ಸರ್ವಿಸ್ ಎಂದುಕೊಂಡು ಮಾಡಿಸಬಾರದು. ಕರಾವಳಿಯ ಉಪ್ಪು ಗಾಳಿಗೆ ತುಕ್ಕು ಹಿಡಿಯುವುದು ನಿಜ. ಅದಕ್ಕೆ ಮಳೆಗಾಲ ಮುಗಿದ ಮೇಲೆ ಕಾರಿನ ಅಡಿಭಾಗವನ್ನು ಚೆನ್ನಾಗಿ ತೊಳೆಸಿ, ತುಕ್ಕು ಕಂಡಲ್ಲಿ ಮಾತ್ರ ಮದ್ದು ಮಾಡಿಸುವುದು ಜಾಣತನ.

ಒಂದು ಬಿಲ್ಲನ್ನು ಬಿಡಿಸಿ ನೋಡೋಣ

ಲೆಕ್ಕಕ್ಕಾಗಿ ಒಂದು ಉದಾಹರಣೆ ಇಟ್ಟುಕೊಳ್ಳೋಣ. ದರಗಳು ಊರಿಂದ ಊರಿಗೆ, ಕಾರಿಂದ ಕಾರಿಗೆ ಬದಲಾಗುತ್ತವೆ. ನಾಲ್ಕು ವರ್ಷದ ಸಣ್ಣ ಪೆಟ್ರೋಲ್ ಕಾರು, 40,000 ಕಿ.ಮೀ. ಸರ್ವಿಸ್. ಕೊಟ್ಟ ಎಸ್ಟಿಮೇಟ್ ಹೀಗಿದೆ: ಎಂಜಿನ್ ಆಯಿಲ್ ಮತ್ತು ಆಯಿಲ್ ಫಿಲ್ಟರ್ 2,300 ರೂಪಾಯಿ, ಕೂಲಿ 2,000, ಏರ್ ಫಿಲ್ಟರ್ 400, ಸ್ಪಾರ್ಕ್ ಪ್ಲಗ್ 600, ಬ್ರೇಕ್ ಆಯಿಲ್ 700, ಮುಂದಿನ ಬ್ರೇಕ್ ಪ್ಯಾಡ್ 2,400, ಅಲೈನ್‌ಮೆಂಟ್ ಮತ್ತು ಬ್ಯಾಲೆನ್ಸಿಂಗ್ 1,000, ಎಂಜಿನ್ ಫ್ಲಶ್ 500, ಇಂಜೆಕ್ಟರ್ ಕ್ಲೀನಿಂಗ್ 1,500, ಎಸಿ ಶುದ್ಧೀಕರಣ 900, ಪೇಂಟ್ ಕೋಟಿಂಗ್ 1,800. ಒಟ್ಟು 14,100 ರೂಪಾಯಿ.

ಈಗ ಇದನ್ನು ಮೂರು ಪಾಲು ಮಾಡೋಣ. ಮೊದಲ ಐದು ಬಾಬ್ತು ಕೈಪಿಡಿಯ ಪಟ್ಟಿಯಲ್ಲಿ ಈ ಕಿಲೋಮೀಟರಿಗೆ 'ಆರ್' ಎಂದಿವೆ ಎಂದುಕೊಳ್ಳಿ. ಕೂಲಿ ಸೇರಿ 6,000 ರೂಪಾಯಿ. ಇದಕ್ಕೆ ಚೌಕಾಸಿ ಬೇಡ. ಎರಡನೇ ಪಾಲು ಬ್ರೇಕ್ ಪ್ಯಾಡ್ ಮತ್ತು ಅಲೈನ್‌ಮೆಂಟ್, ಒಟ್ಟು 3,400. ಇವು 'ಐ' ಗುಂಪಿನವು, ನೋಡಿ ತೀರ್ಮಾನಿಸಬೇಕು. ಪ್ಯಾಡ್ 6 ಮಿಲಿಮೀಟರ್ ಉಳಿದಿದೆ, ಕಾರು ನೆಟ್ಟಗೆ ಓಡುತ್ತಿದೆ, ಟೈರ್ ಸಮನಾಗಿ ಸವೆದಿದೆ ಎಂದಾದರೆ ಎರಡನ್ನೂ ಮುಂದಕ್ಕೆ ಹಾಕಬಹುದು. ಪ್ಯಾಡ್ 2 ಮಿಲಿಮೀಟರ್ ಮಾತ್ರ ಇದ್ದರೆ ಅಂದೇ ಬದಲಾಯಿಸಬೇಕು, ಆಗ ಬಿಲ್ಲು 8,400 ಆದರೂ ಅದು ದುಂದುವೆಚ್ಚವಲ್ಲ. ಮೂರನೇ ಪಾಲು ಉಳಿದ ನಾಲ್ಕು ಬಾಬ್ತು, 4,700 ರೂಪಾಯಿ. ಪಟ್ಟಿಯಲ್ಲಿ ಇಲ್ಲ, ಕಾರಿನಲ್ಲಿ ತೊಂದರೆಯೂ ಇಲ್ಲ. ವಿನಯದಿಂದ ಬೇಡ ಎನ್ನಿ.

ಹೀಗೆ ಉಳಿದ ಹಣವನ್ನು ಬೇರೆ ಖರ್ಚಿಗೆ ಬಿಡಬೇಡಿ. ನಾಲ್ಕು ವರ್ಷದ ಕಾರಿಗೆ ಇಂದೋ ನಾಳೆಯೋ ಟೈರ್ ಬೇಕಾಗುತ್ತದೆ, ಬ್ಯಾಟರಿ ಬೇಕಾಗುತ್ತದೆ. ಬ್ಯಾಟರಿಯ ಆಯುಷ್ಯ ಸಾಮಾನ್ಯವಾಗಿ ಮೂರರಿಂದ ಐದು ವರ್ಷ. ಆ ಹಣವನ್ನು ಅದಕ್ಕೆಂದು ಎತ್ತಿಡಿ. ಬೋಳು ಟೈರಿನಲ್ಲಿ ಓಡಾಡುವವರು 'ದುಡ್ಡಿಲ್ಲ' ಎನ್ನುತ್ತಾರೆ. ಅವರ ಹಳೆಯ ಬಿಲ್ಲು ತೆಗೆದು ನೋಡಿದರೆ ಕೋಟಿಂಗಿಗೂ ಸುಗಂಧಕ್ಕೂ ಕೊಟ್ಟ ಹಣ ಅಲ್ಲಿರುತ್ತದೆ.

ಕೇಳುವ ಕ್ರಮ

ಕಾರು ಬಿಡುವಾಗಲೇ ಜಾಬ್ ಕಾರ್ಡಿನಲ್ಲಿ ಏನೇನು ಬರೆದಿದ್ದಾರೆ ಎಂದು ಓದಿ ಸಹಿ ಹಾಕಿ. 'ನನ್ನನ್ನು ಕೇಳದೆ ಹೆಚ್ಚಿನ ಕೆಲಸ ಮಾಡಬೇಡಿ' ಎಂದು ಅದರಲ್ಲೇ ಬರೆಸಿ. ಫೋನ್ ಬಂದಾಗ ಪ್ರತಿ ಹೊಸ ಬಾಬ್ತಿಗೂ ಮೂರು ಪ್ರಶ್ನೆ ಕೇಳಿ. ಇದು ಕೈಪಿಡಿಯಲ್ಲಿ ಈ ಕಿಲೋಮೀಟರಿಗೆ ಇದೆಯೇ? ಕೆಟ್ಟಿದೆ ಎಂದು ಹೇಗೆ ಗೊತ್ತಾಯಿತು, ತೋರಿಸುತ್ತೀರಾ? ಮೂರು ತಿಂಗಳು ಬಿಟ್ಟು ಮಾಡಿಸಿದರೆ ಏನಾಗುತ್ತದೆ? ಮೂರನೆಯದಕ್ಕೆ 'ಬ್ರೇಕ್ ಹಿಡಿಯದಿರಬಹುದು' ಎಂಬ ಉತ್ತರ ಬಂದರೆ ತಡಮಾಡಬೇಡಿ. 'ಮಾಡಿಸಿದರೆ ಒಳ್ಳೆಯದು' ಎಂಬಷ್ಟೇ ಉತ್ತರ ಬಂದರೆ ಯೋಚಿಸಲು ಸಮಯವಿದೆ. ತೆಗೆದ ಹಳೆಯ ಭಾಗಗಳನ್ನು ಕೇಳಿ ಪಡೆಯಿರಿ. ಮಾತಿನಲ್ಲಿ ಒರಟುತನ ಬೇಡ. ಎದುರಿಗಿರುವ ಹುಡುಗನೂ ಸಂಬಳಕ್ಕೆ ದುಡಿಯುವವನು.

ವಾರಂಟಿ ಇರುವವರೆಗೆ ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಸಮಯಕ್ಕೆ ಮಾಡಿಸಿ ಬಿಲ್ಲುಗಳನ್ನು ಜೋಪಾನ ಮಾಡುವುದು ಸುರಕ್ಷಿತ. ಅಲ್ಲಿಯೂ ಪಟ್ಟಿಯಲ್ಲಿಲ್ಲದ್ದನ್ನು ಬೇಡ ಎನ್ನುವ ಹಕ್ಕು ನಮಗಿದೆ. ವಾರಂಟಿ ಮುಗಿದ ಮೇಲೆ ನಂಬಿಕೆಯ ಸ್ಥಳೀಯ ಗ್ಯಾರೇಜಿಗೆ ಹೋಗಲು ಅಂಜಬೇಕಿಲ್ಲ. 2014ರ ಆಗಸ್ಟ್‌ನಲ್ಲಿ ಭಾರತೀಯ ಸ್ಪರ್ಧಾ ಆಯೋಗವು 14 ಕಾರು ಕಂಪನಿಗಳಿಗೆ ಒಟ್ಟು 2,500 ಕೋಟಿ ರೂಪಾಯಿಗೂ ಹೆಚ್ಚು ದಂಡ ವಿಧಿಸಿತ್ತು. ಬಿಡಿಭಾಗಗಳೂ ದುರಸ್ತಿಯ ಮಾಹಿತಿಯೂ ಹೊರಗಿನ ಗ್ಯಾರೇಜ್‌ಗಳಿಗೆ ಸಲೀಸಾಗಿ ಸಿಗದಂತೆ ಮಾಡಿದ್ದಾರೆ ಎಂಬುದು ಅದರ ಆಕ್ಷೇಪವಾಗಿತ್ತು. ಕಂಪನಿಗಳು ಮೇಲ್ಮನವಿ ಹೋದವು. ಆದರೂ ಎಲ್ಲಿ ರಿಪೇರಿ ಮಾಡಿಸಬೇಕು ಎಂಬುದು ಗ್ರಾಹಕನ ಆಯ್ಕೆ ಎಂಬ ಮಾತಿಗೆ ಆ ಆದೇಶದಿಂದ ಬಲ ಬಂತು. ಹೊರಗೆ ಮಾಡಿಸುವಾಗ ಆಯಿಲ್ ಡಬ್ಬಿಯ ಸೀಲ್ ನಿಮ್ಮ ಎದುರೇ ಒಡೆಯಲಿ, ಬಿಡಿಭಾಗಕ್ಕೆ ಬಿಲ್ಲು ಇರಲಿ. ಬೇಡ ಎಂದ ಕೆಲಸಕ್ಕೂ ಹಣ ಪಡೆದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಶೆಡ್ಡಿನಲ್ಲಿ ನಿಂತ ಕಾರು

ನಮ್ಮ ಕಡೆ ಇನ್ನೊಂದು ಬಗೆಯ ಕಾರುಗಳಿವೆ. ಮಗ ಗಲ್ಫ್‌ನಲ್ಲಿ, ಕಾರು ಊರಲ್ಲಿ. ವರ್ಷದ ಹತ್ತು ತಿಂಗಳು ಶೆಡ್ಡಿನಲ್ಲೇ. ಓಡಿಲ್ಲ, ಹಾಗಾಗಿ ಸರ್ವಿಸ್ ಬೇಡ ಎಂದುಕೊಳ್ಳುತ್ತಾರೆ. ರಜೆಗೆ ಬಂದ ಮಗ ವಿಮಾನ ನಿಲ್ದಾಣದಿಂದ ಮನೆಗೆ ಬಂದವನೇ ಅದನ್ನು ತೆಗೆದು ಮನೆಮಂದಿಯನ್ನು ಕೂರಿಸಿ ದೂರದೂರಿಗೆ ಹೊರಡುತ್ತಾನೆ. ನಿಂತ ಕಾರಿನಲ್ಲೂ ಆಯಿಲ್ ಹಳತಾಗುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ, ಟೈರಿನ ಗಾಳಿ ಇಳಿಯುತ್ತದೆ, ಬ್ಯಾಟರಿ ಸಾಯುತ್ತದೆ, ಇಲಿ ವೈರ್ ಕಡಿಯುತ್ತದೆ. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಎರಡು ನಿಮಿಷಕ್ಕೆ ನಿಲ್ಲಿಸಿದರೆ ಬ್ಯಾಟರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚು. ಮನೆಯ ಯಾರಾದರೂ ಇಪ್ಪತ್ತು ಮೂವತ್ತು ನಿಮಿಷ ಓಡಿಸಿ ತರಲಿ. ಓಡಿಸುವವರು ಇಲ್ಲದಿದ್ದರೆ ಬ್ಯಾಟರಿಯ ವೈರ್ ಕಳಚಿಡಿ. ದೂರ ಪ್ರಯಾಣಕ್ಕೆ ಮುನ್ನ ಟೈರ್, ಬ್ರೇಕ್, ಕೂಲೆಂಟ್ ಮೂರನ್ನಾದರೂ ಗ್ಯಾರೇಜಿನಲ್ಲಿ ತೋರಿಸಿ.

ಗ್ಯಾರೇಜಿನ ಸಹೋದರರಿಗೆ

ನಮ್ಮ ಸಮುದಾಯದ ಅನೇಕ ಯುವಕರ ಅನ್ನ ಗ್ಯಾರೇಜಿನಲ್ಲಿದೆ. ಅವರಿಗೂ ಒಂದು ಮಾತು. ಗಿರಾಕಿ ಕಾರನ್ನು ಬಿಟ್ಟು ಹೋಗುವುದು ಎಂದರೆ ಅಮಾನತ್ ಒಪ್ಪಿಸಿ ಹೋದಂತೆ. ಅವನಿಗೆ ಬಾನೆಟ್ ಒಳಗಿನದು ತಿಳಿಯದು ಎಂಬುದೇ ನಿಮ್ಮ ಪರೀಕ್ಷೆ. 'ಇನ್ನೂ ಒಂದು ವರ್ಷ ಬರುತ್ತದೆ, ಈಗ ಬೇಡ' ಎಂದು ಒಮ್ಮೆ ಹೇಳಿ ನೋಡಿ. ಆ ಗಿರಾಕಿ ಮುಂದಿನ ಸಲ ಇನ್ನಿಬ್ಬರನ್ನು ಕರೆದುಕೊಂಡು ಬರುತ್ತಾನೆ. ಹಾಗೆಯೇ ಗಿರಾಕಿಗಳು ಪ್ರಾಮಾಣಿಕ ಮೆಕ್ಯಾನಿಕ್‌ನ ಕೂಲಿಯಲ್ಲಿ ನೂರಿನ್ನೂರಕ್ಕೆ ಜಗ್ಗಾಡಬಾರದು. ಬೇಡದ ಕೆಲಸ ಹೇಳದೆ ನಮಗೆ ಸಾವಿರಾರು ಉಳಿಸಿಕೊಟ್ಟವನ ಬೆವರಿಗೆ ಪೂರ್ಣ ಬೆಲೆ ಕೊಡುವುದು ನ್ಯಾಯ.

ಈ ವಾರ ಬಿಡುವು ಮಾಡಿಕೊಂಡು ಕಾರಿನಲ್ಲಿರುವ ಆ ಪುಸ್ತಕವನ್ನು ಹೊರತೆಗೆಯಿರಿ. ಪಟ್ಟಿಯ ಪುಟದ ಫೋಟೊ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಒಂದು ನೋಟ್ ಪುಸ್ತಕದಲ್ಲಿ ಕೊನೆಯ ಆಯಿಲ್, ಬ್ರೇಕ್ ಆಯಿಲ್, ಬ್ಯಾಟರಿ, ಟೈರ್ ಯಾವ ತಾರೀಕಿಗೆ, ಎಷ್ಟು ಕಿಲೋಮೀಟರಿಗೆ ಎಂದು ಬರೆದಿಡಿ. ಆಮೇಲೆ ಕೆಳಗೆ ಕುಳಿತು ನಾಲ್ಕು ಟೈರುಗಳ ಆ ನಾಲ್ಕು ಅಂಕೆಗಳನ್ನು ಓದಿ. ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.